ಡೀಸೆಲ್ ಡಬ್ಬಕ್ಕೆ ಹಸಿರು ಪಟ್ಟಿ ಕಟ್ಟಿದ ಕುಸುಮಾ

"ಇಷ್ಟೊತ್ತಿಗೆ ಅವನು ಶಟರ್ ಎತ್ತಿರ್ತಾನಾ?"

ಕುಸುಮಾ ಕೇಳಿದ್ದು ಯಾರನ್ನೂ ಅಲ್ಲ. ಅವರ ಎದುರಿಗಿರುವುದು ಒಂದು ಕಂಪ್ಯೂಟರ್ ಪರದೆ, ಅದರಲ್ಲಿ ಅರ್ಧ ಮೂಡಿದ ಲಾರಿ ಟೈರು. ಕಾಮಾಕ್ಷಿಪಾಳ್ಯದ ಈ ಒಳರಸ್ತೆಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬೇರೆ ಬಾಗಿಲು ಇನ್ನೂ ತೆರೆದಿಲ್ಲ. ಗೇಮ್ ಪಾರ್ಲರಿನ ಶಟರು ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಒಳಗೆ ಬರುವವರು ಬಗ್ಗಿಯೇ ಬರಬೇಕು. ಮಾಲೀಕ ವೆಂಕಟಗಿರಿ ಗಲ್ಲಾದ ಮೇಲಿನ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದಾರೆ. ಪ್ರಶ್ನೆ ಅವರ ಕಿವಿಗೂ ಬಿದ್ದಿದೆ. ತಮ್ಮನ್ನು ಕೇಳಿದ್ದಲ್ಲ ಎಂದು ಗೊತ್ತಿರುವುದರಿಂದ ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿ, ಅಂಗೈಗಳನ್ನು ಕಣ್ಣಿಗೊತ್ತಿಕೊಂಡು, ಗಲ್ಲಾ ಒರೆಸತೊಡಗುತ್ತಾರೆ.

"ಅವನು" ಅಂದರೆ ನಾಣಿ. ಬಸವೇಶ್ವರನಗರದಲ್ಲಿ ಗಾಜಿನ ಬಾಗಿಲಿಟ್ಟು, ಎ.ಸಿ. ಹಾಕಿಸಿ ಗೇಮ್ ಪಾರ್ಲರ್ ನಡೆಸುತ್ತಿರುವ ಹುಡುಗ. ಅವನ ಮಾತು ಬಾರದ ಬೆಳಿಗ್ಗೆಯೇ ಈ ಅಂಗಡಿಯಲ್ಲಿ ಇಲ್ಲವಂತೆ.

ಇಲ್ಲಿ ಜನ ಹೆಚ್ಚಾಗಿ ಆಡುವುದು ಒಂದು ಲಾರಿ ಓಡಿಸುವ ಆಟ. ಲಾರಿ ರಸ್ತೆಗಿಳಿಯುವ ಮುಂಚೆ ಪರದೆಯಲ್ಲಿ ಒಂದು ಶೆಡ್ಡು ಕಾಣುತ್ತದೆ. ಅದರ ಕೆಳಗೆ ಪುಟ್ಟ ಪುಟ್ಟ ಚಿತ್ರಗಳ ಒಂದು ಸಾಲು, ಇದಕ್ಕೆ ಮೆನು ಎನ್ನುತ್ತಾರೆ. ಡೀಸೆಲ್ ತುಂಬಲು ಡಬ್ಬ, ಟೈರು ಬದಲಿಸಲು ಟೈರು, ಲೋಡು ಹಾಕಲು ಮೂಟೆ, ಹೀಗೆ. ಕೊನೆಯಲ್ಲೊಂದು ಬಾಗಿಲಿನ ಚಿತ್ರ. ಅದನ್ನು ಒತ್ತಿದರೆ ಆಟ ಮುಗಿಯಿತು. ಅಲ್ಲಿಯವರೆಗೆ ಓಡಿಸಿದ್ದೆಲ್ಲ ಹೋಯಿತು. ಚಿತ್ರಗಳ ಕೆಳಗೆ ಇಂಗ್ಲಿಷಿನಲ್ಲಿ ಹೆಸರಿದೆ ನಿಜ. ಆದರೆ ಈ ಸುತ್ತಿನ ಗಾರ್ಮೆಂಟ್ಸಿನವರು, ವರ್ಕ್‌ಶಾಪಿನವರು ನೋಡುವುದು ಚಿತ್ರವನ್ನೇ.

ಕಳೆದ ವರ್ಷ, ೨೦೦೬ರ ದಸರಾ ಹೊತ್ತಿಗೆ, ಯಾವುದೋ ಆಫೀಸಿನವರು ತೆಗೆದುಹಾಕಿದ ದೊಡ್ಡ ಪರದೆಗಳನ್ನು ವೆಂಕಟಗಿರಿ ಕೊಂಡು ತಂದರು. ರಸ್ತೆ, ಮರ, ಎದುರಿಗೆ ಬರುವ ಬಸ್ಸು ಎಲ್ಲ ಥಳಥಳ ಹೊಳೆಯತೊಡಗಿದವು. ಶೆಡ್ಡಿನ ಚಿತ್ರಗಳು ಮಾತ್ರ ಹುರುಳಿಕಾಳಿನಷ್ಟಾದವು. ಆಟ ತಯಾರಿಸಿದವರು ಅವುಗಳ ಅಳತೆಯನ್ನು ಒಂದೇ ಸಲಕ್ಕೆ ಗೊತ್ತುಮಾಡಿಬಿಟ್ಟಿದ್ದಾರೆ. ಪರದೆಯ ಚುಕ್ಕಿ ಸಣ್ಣದಾದ ಹಾಗೆ ಚಿತ್ರವೂ ಸಣ್ಣದಾಗುತ್ತದೆ.

ಆ ಚಿತ್ರಗಳನ್ನು ಕಣ್ಣಿಗೆ ಕಾಣುವಷ್ಟು ಮಾಡಿದವರು ಕುಸುಮಾ. ವೆಂಕಟಗಿರಿ ಈ ಕೆಲಸವನ್ನು "ಚಿತ್ರ ಹಿಗ್ಗಿಸೋದು" ಅನ್ನುತ್ತಾರೆ. ಆ ಮಾತಿಗೆ ಕುಸುಮಾಗೆ ಸಿಟ್ಟು. ವರದಿಗೆಂದು ಬಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ:

"ಹಿಗ್ಗಿಸೋಕೆ ಇದೇನು ರಬ್ಬರಾ ಸಾರ್? ಚಿಕ್ಕ ಚಿತ್ರನ ಹಿಡ್ಕೊಂಡು ಎಳೆದ್ರೆ ಮುಖ ಮೂತಿ ಎಲ್ಲ ಒಡ್ದೋಗುತ್ತೆ. ಕಸೂತೀಲೂ ಹಂಗೇ. ಚಿಕ್ಕ ಹೂವನ್ನ ಸುಮ್ನೆ ಎಳೆದ್ರೆ ದಾರ ವಿರಳ ಆಗಿ ಕೆಳಗಿನ ಬಟ್ಟೆ ಕಾಣುತ್ತೆ. ದೊಡ್ಡದು ಮಾಡಿದ ಮೇಲೆ ಮತ್ತೆ ದಾರ ತುಂಬ್ಬೇಕು."

ಕಸೂತಿಯ ಮಾತು ಸುಮ್ಮನೆ ಬಂದದ್ದಲ್ಲ. ಹಗಲು ಅವರು ಇದೇ ಕಾಮಾಕ್ಷಿಪಾಳ್ಯದ ಕಂಪ್ಯೂಟರ್ ಎಂಬ್ರಾಯ್ಡರಿ ಯೂನಿಟ್ಟಿನಲ್ಲಿ ಪಂಚಿಂಗ್ ಮಾಡುತ್ತಾರೆ. ಕಾಗದದ ಮೇಲಿನ ಹೂವನ್ನು ಯಂತ್ರದ ಸೂಜಿಗೆ ತಿಳಿಯುವ ಹಾಗೆ ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಹೂಡುವ ಕೆಲಸ ಅದು. ದೇವಸ್ಥಾನದಲ್ಲಿ ಕಾವ್ಯವಾಚನ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಓದುವವರು ಒಂದು ಪದವನ್ನು ನೀಳವಾಗಿ ಎಳೆಯುವಾಗ ಬರೀ ಎಳೆಯುವುದಿಲ್ಲ. ಎಳೆದ ಜಾಗವನ್ನೆಲ್ಲ ಉಸಿರಿನಿಂದ ತುಂಬುತ್ತಾರೆ. ತುಂಬದಿದ್ದರೆ ಪದ ಹರಿದುಹೋಗುತ್ತದೆ, ಹಿಂದೆ ಕೂತವರಿಗೆ ಅರ್ಥ ಮುಟ್ಟುವುದಿಲ್ಲ.

ಕುಸುಮಾ ಹುಟ್ಟಿ ಬೆಳೆದದ್ದು ಮಾರೇನಹಳ್ಳಿಯಲ್ಲಿ. ಅವರ ತಾತ ರಾಗಿ ಬಿತ್ತುತ್ತಿದ್ದ ಕಡೆ ಈಗ ಮೂರಂತಸ್ತಿನ ಮನೆಗಳು. ಅವುಗಳಲ್ಲಿ ಒಂದೂ ಇವರದಲ್ಲ, ಎಲ್ಲ ಚಿಕ್ಕಪ್ಪಂದಿರ ಪಾಲಿನವು. ತಂದೆ ಇಲ್ಲ. ತಾಯಿ ಮುನಿಲಕ್ಷ್ಮಮ್ಮನ ಮಂಡಿನೋವು, ಮನೆಯ ಅಡುಗೆ, ಯೂನಿಟ್ಟಿನ ಹಾಜರಿ, ಇವುಗಳ ನಡುವೆ ಮೂವತ್ತು ದಾಟಿದೆ. ಪಿಯುಸಿಗೆ ಓದು ನಿಂತಾಗ ಯಾರೋ ಕಸೂತಿ ಯಂತ್ರದ ಮುಂದೆ ಕೂರಿಸಿದರು. ಅಲ್ಲಿಂದ ಎದ್ದಿಲ್ಲ.

ಈ ಭಾಗದ ಎಷ್ಟೋ ಶಾಲೆಗಳ ಮಕ್ಕಳ ಜೇಬಿನ ಮೇಲೆ ಕುಸುಮಾ ಹೂಡಿದ ಲಾಂಛನವಿದೆ. ಬಸ್ ಸ್ಟಾಪಿನಲ್ಲಿ ಸಾಲಾಗಿ ನಿಂತ ಮಕ್ಕಳನ್ನು ಕಂಡರೆ ಒಂದು ಕ್ಷಣ ನಿಂತು ದಾರ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾರೆ.

"ಅದಕ್ಕೆಲ್ಲ ಹೆಸರು ಬೇಕು ಅನ್ಸಿಲ್ಲ ಸಾರ್. ಅದು ಕೂಲಿ. ಮಾಡು ಅಂದ್ರು, ಮಾಡ್ದೆ. ಇದನ್ನ ಯಾರೂ ಮಾಡು ಅಂದಿರ್ಲಿಲ್ಲ."

ಇದು ಶುರುವಾದದ್ದು ಬಸಪ್ಪನವರಿಂದ. ಅಂದು ಭಾನುವಾರ ಸಂಜೆ, ಏನೋ ಜೆರಾಕ್ಸ್ ಮಾಡಿಸಲೆಂದು ಕುಸುಮಾ ಈ ಅಂಗಡಿಗೆ ಬಂದಿದ್ದಾರೆ. ಬಾಗಲಕೋಟೆ ಕಡೆಯ ಬಸಪ್ಪ, ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಹಾಕುವವರು, ಮೂಗು ಪರದೆಗೆ ತಾಗುವಷ್ಟು ಬಗ್ಗಿ ಲಾರಿ ಓಡಿಸುತ್ತಿದ್ದಾರೆ. ಘಾಟಿ ಹತ್ತಿಸಿ, ಇಳಿಸಿ, ಶೆಡ್ಡಿಗೆ ತಂದು, ಡೀಸೆಲ್ ತುಂಬಲು ಹೋಗಿ ಪಕ್ಕದ ಬಾಗಿಲನ್ನು ಒತ್ತಿಬಿಟ್ಟರು. ಲಾರಿ ಹೋಯಿತು, ರಸ್ತೆ ಹೋಯಿತು. "ಏನ್ ಅಂಕಲ್, ಲಾರಿ ಮಾರ್ಕೊಂಡ್ರಾ?" ಎಂದು ಪಕ್ಕದ ಕುರ್ಚಿಯವನು ನಕ್ಕ. ಬಸಪ್ಪ ನಗಲಿಲ್ಲ. ಪರದೆಯ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತರು.

ಕುಸುಮಾ ಅವರನ್ನು ಮಾತಾಡಿಸಲಿಲ್ಲ. ಮರುದಿನ ವೆಂಕಟಗಿರಿಯನ್ನು ಕೇಳಿಕೊಂಡರು: "ಅಣ್ಣ, ಬೆಳಿಗ್ಗೆ ಅಂಗಡಿ ಖಾಲಿ ಇರುತ್ತಲ್ಲ, ಒಂದು ಕಂಪ್ಯೂಟರ್ ಬಿಟ್ಕೊಡ್ತೀರಾ?"

ಹಾಗೆ ಶುರುವಾದ ಬೆಳಗಿನ ಪಾಳಿ ಇನ್ನೂ ನಡೆದಿದೆ. ಸಂಬಳವಿಲ್ಲ. ವೆಂಕಟಗಿರಿ ಕೊಡಿಸುವ ಟೀ ಇದೆ. ಯಂತ್ರಗಳಿಗೆ ವೈರಸ್ ಹೊಕ್ಕು ಎಲ್ಲ ಅಳಿಸಿ ಹೊಸದಾಗಿ ಆಟ ತುಂಬಿದಾಗಲೆಲ್ಲ ಕುಸುಮಾ ಮತ್ತೆ ಕೂತು ಚಿತ್ರಗಳನ್ನು ಹೊಂದಿಸಬೇಕು. ಹೊಸ ಲಾರಿ ಬಂದರೆ ಹೊಸ ಚಿತ್ರ. ಒಂಬತ್ತರೊಳಗೆ ಎದ್ದು ಯೂನಿಟ್ಟಿಗೆ ಓಡಬೇಕು.

ಚಿತ್ರಗಳನ್ನು ಅವರು ಒಂದೊಂದಾಗಿ ಹೊಸದಾಗಿಯೇ ಬರೆದಿದ್ದಾರೆ. ಡೀಸೆಲ್ ಡಬ್ಬ ಬರೆಯುವಾಗ ಕಣ್ಣ ಮುಂದೆ ಬಂದದ್ದು ಮನೆಯ ಸೀಮೆಎಣ್ಣೆ ಡಬ್ಬ. ಅದರ ಹಿಡಿಗೆ ಮುನಿಲಕ್ಷ್ಮಮ್ಮ ಕೈಗೆ ಒತ್ತದಿರಲೆಂದು ಹಳೆ ಸೀರೆಯ ಹಸಿರು ಅಂಚನ್ನು ಹರಿದು ಸುತ್ತಿದ್ದಾರೆ. ಕುಸುಮಾ ಅದನ್ನೂ ಬಿಡಲಿಲ್ಲ. ಆಟದ ಡಬ್ಬಕ್ಕೂ ಹಸಿರು ಪಟ್ಟಿ ಬಂತು.

ಆದರೆ ಮೊದಲ ಸಲ ಒಂದು ತಪ್ಪಾಯಿತು. ಕಸೂತಿಯಲ್ಲಿ ದಾರ ಕೂತದ್ದೇ ಚಿತ್ರ. ಚಿತ್ರ ಇರುವಲ್ಲೆಲ್ಲ ದಾರ ಇರುತ್ತದೆ. ಆಟದಲ್ಲಿ ಹಾಗಲ್ಲ. ಕಾಣುವ ಚಿತ್ರ ಒಂದು ಕಡೆ ಇರುತ್ತದೆ, ಒತ್ತಿದರೆ ಕೆಲಸ ಮಾಡುವ ಜಾಗದ ಅಳತೆ ಇನ್ನೊಂದು ಕಡೆ. ಕುಸುಮಾ ಚಿತ್ರವನ್ನು ದೊಡ್ಡದು ಮಾಡಿದರು. ಒತ್ತುವ ಜಾಗ ಮೊದಲಿನಷ್ಟೇ ಪುಟ್ಟದಾಗಿ, ಪ್ರತಿ ಚಿತ್ರದ ಎಡ ಮೇಲ್ಮೂಲೆಯಲ್ಲಿ ಉಳಿದುಬಿಟ್ಟಿತು. ಡಬ್ಬದ ಹೊಟ್ಟೆಗೆ ಎಷ್ಟು ಒತ್ತಿದರೂ ಡೀಸೆಲ್ ಬರುವುದಿಲ್ಲ.

ಇದನ್ನು ಕಂಡುಹಿಡಿದವರು ಬಸಪ್ಪನವರೇ. ಡಬ್ಬದ ಎಡ ಮೇಲ್ಮೂಲೆಯಲ್ಲಿ ಮುಚ್ಚಳವಿತ್ತು. "ಮುಚ್ಚಳಾ ಒತ್ರೋ, ಡೀಜಲ್ ಬರ್ತೈತಿ" ಎಂದು ಅಂಗಡಿಗೆಲ್ಲ ಸಾರಿದರು. ಅಲ್ಲಿಂದ ಇಲ್ಲಿ ಎಲ್ಲದಕ್ಕೂ ಮುಚ್ಚಳ ಬಂತು. "ಟೈರಿನ ಮುಚ್ಚಳ ಒತ್ತು ಗುರು", "ಮೂಟೆ ಮುಚ್ಚಳ ಎಲ್ಲೈತೆ ಮಗಾ?" ಎಂದು ಕೂಗಾಟ. ಕುಸುಮಾಗೆ ಇದು ತಿಳಿದಾಗ ನಾಚಿಕೆಯಾಯಿತು. ಕೆಲವೇ ದಿನಗಳಲ್ಲಿ ಒತ್ತುವ ಜಾಗವನ್ನೂ ಹುಡುಕಿ, ಚಿತ್ರದಷ್ಟೇ ಅಗಲಕ್ಕೆ ತಂದು ಸರಿಮಾಡಿದರು.

ಆ ಕೆಲವು ದಿನಗಳ ನಡುವೆಯೇ ನಾಣಿ ಹೊರಟದ್ದು.

ನಾಣಿ ಆಗ ಇದೇ ಅಂಗಡಿಯ ಗಲ್ಲಾದಲ್ಲಿ ಸಂಜೆ ಹೊತ್ತು ಕೂರುತ್ತಿದ್ದ. ಬಸವೇಶ್ವರನಗರದಲ್ಲಿ ಸ್ವಂತ ಪಾರ್ಲರ್ ಇಡುತ್ತೇನೆ, ನಿಮ್ಮ ಮೆನು ಒಂದು ಕಾಪಿ ಕೊಡಿ ಅಕ್ಕ ಎಂದ. ಕುಸುಮಾ ಸಂತೋಷದಿಂದಲೇ ಕೊಟ್ಟರು. "ಒಂದು ತಪ್ಪಿದೆ ಕಣೋ, ಮುಂದಿನ ವಾರ ಬಾ, ಸರಿ ಇರೋದು ಕೊಡ್ತೀನಿ" ಅಂತಲೂ ಹೇಳಿದರು. ಮುಂದಿನ ವಾರ ನಾಣಿ ಬರಲಿಲ್ಲ. ಅವನ ಅಂಗಡಿಯ ಮಾತು ಬಂತು. ಬಸವೇಶ್ವರನಗರದಲ್ಲಿ ಯಾರೋ ಹುಡುಗ ಲಾರಿ ಆಟದ ಮೆನುವನ್ನೇ ಬದಲಾಯಿಸಿದ್ದಾನಂತೆ, ದೊಡ್ಡ ದೊಡ್ಡ ಚಿತ್ರಗಳಂತೆ, ಅಪ್ಪಿತಪ್ಪಿ ಕೈ ತಾಗಬಾರದು ಅಂತ ಬೇಕೆಂದೇ ಮೂಲೆಯಲ್ಲಿ ಒತ್ತುವ ಹಾಗೆ ಮಾಡಿದ್ದಾನಂತೆ.

"ನನ್ನ ತಪ್ಪನ್ನೂ ಅವನ ಜಾಣತನ ಮಾಡ್ಕೊಂಡ ಸಾರ್," ಎನ್ನುತ್ತಾರೆ ಕುಸುಮಾ. ನಕ್ಕು, ಟೈರಿನ ಅಂಚನ್ನು ಒಂದು ಸಲ ಅಳಿಸಿ ಮತ್ತೆ ಬರೆಯುತ್ತಾರೆ. "ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ? ದೇವರ ಪಟ ಇಲ್ಲೇ ಇದೆ."

ನಂತರ ಒಂದು ಸಂಜೆ ಬಡಾವಣೆಯ ಕೇಬಲ್ ಚಾನೆಲ್ಲಿನಲ್ಲಿ ನಾಣಿ ಬಂದ. ಗಾಜಿನ ಬಾಗಿಲು, ಎ.ಸಿ., ಅವನ ಹೊಸ ಅಂಗಿ. ಯುವಕನ ಸಾಧನೆ ಎಂದು ಹಿನ್ನೆಲೆಯಲ್ಲಿ ಯಾರೋ ಹೇಳುತ್ತಿದ್ದರು. ಮೆನು ನಾನೇ ಮಾಡಿದ್ದು ಎಂದು ಅವನೂ ಹೇಳಿದ. ಮೆನು ತೋರಿಸಿದಾಗ, ಸೊಪ್ಪು ಬಿಡಿಸುತ್ತಾ ಕೂತಿದ್ದ ಮುನಿಲಕ್ಷ್ಮಮ್ಮ ತಲೆಯೆತ್ತಿ, "ಏ ಕುಸುಮಾ, ನಮ್ಮನೆ ಸೀಮೆಣ್ಣೆ ಡಬ್ಬ ಕಣೇ!" ಎಂದು ಕೂಗಿದರು. ಮಗಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಡಬ್ಬ ಹೋಗಿ ನಾಣಿ ಬಂದಿದ್ದ. ತಾಯಿ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

"ಡಬ್ಬ ಟೀವೀಲಿ ಬಂತು, ನೀನ್ ಬರ್ಲಿಲ್ಲ. ಬೆಳಗಾಗೆದ್ದು ಒಲೆ ಮೇಲಿನ ಹಾಲು ಬಿಟ್ಟು ಓಡ್ತೀಯಲ್ಲ, ಇದಕ್ಕೇನಾ?"

ನಾಣಿ ಟೀವಿಯಲ್ಲಿ ಬಂದ ಆ ವಾರದ ಭಾನುವಾರ ಕುಸುಮಾ ಬ್ಲೌಸ್ ಪೀಸ್ ತರುತ್ತೇನೆಂದು ಹೇಳಿ ಬಸವೇಶ್ವರನಗರಕ್ಕೆ ಹೋದರು. ನಾಣಿಯ ಅಂಗಡಿಯ ಎದುರು ಬದಿಯಲ್ಲಿ, ಎಳನೀರು ಗಾಡಿಯ ಮರೆಯಲ್ಲಿ ನಿಂತು ನೋಡಿದರು.

"ಜನ ತುಂಬಿದ್ರು. ತುಂಬ್ಲಿ, ಅವನ ವ್ಯಾಪಾರ. ಗಾಜಿನ ಪಕ್ಕದ ಕುರ್ಚೀಲಿ ಬಸಪ್ಪಣ್ಣ ಕೂತಿದ್ರು ಸಾರ್. ನೆಟ್ಟಗೆ, ಬೆನ್ನು ಕೊಟ್ಟು ಕೂತಿದ್ರು. ಬಗ್ಗಿರ್ಲಿಲ್ಲ. ನಗ್ತಾ ಇದ್ರು. ನನ್ನ ಡಬ್ಬದ ಮುಚ್ಚಳ ಒತ್ತಿ ಒತ್ತಿ ಡೀಸೆಲ್ ತುಂಬ್ತಾ ಇದ್ರು." ಆರಿದ ಟೀ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. "ಅವರು ಹಂಗೆ ಕೂರ್ಲಿ ಅಂತಾನೇ ನಾನು ಮಾಡಿದ್ದು. ಕೂತ್ರು. ನೋಡಿದ್ರೆ ಸಂತೋಷ ಆಗ್ಬೇಕಲ್ವಾ? ಆಗ್ಲಿಲ್ಲ. ನಮ್ಮ ಅಂಗಡೀಲಿ ಕೂರ್ಬಾರ್ದಾಗಿತ್ತಾ ಅನ್ನಿಸ್ತು."

ಬ್ಲೌಸ್ ಪೀಸ್ ತರದೆಯೇ ಬಂದರು.

ಬಸಪ್ಪ ಯಾಕೆ ಹೋದರು ಎಂಬುದು ಗುಟ್ಟೇನಲ್ಲ. ಅವರು ಕೆಲಸ ಮಾಡುವ ಇಸ್ತ್ರಿ ವಿಭಾಗದ ಬಾಗಿಲಲ್ಲಿ ನಿಂತು ಮಾತಾಡಿಸಿದರೆ ಸಾಕು, ಹಬೆ ನಮ್ಮ ಅಂಗಿಯನ್ನೂ ಒದ್ದೆ ಮಾಡುತ್ತದೆ. "ವಾರಾ ಪೂರ್ತಿ ಈ ಹಬ್ಯಾಗ ಬೇಯ್ತೇವ್ರೀ. ಅಲ್ಲಿ ತಂಪ್ ಐತಿ. ಆಟಕ್ಕಿಂತ ಆ ತಂಪಿಗೇ ಹೋಗೂದು ನಾ," ಎನ್ನುತ್ತಾರೆ. ಕನ್ನಡಕ ಯಾಕೆ ಹಾಕುವುದಿಲ್ಲ ಎಂದರೆ, "ಹಬಿಗೆ ಚಸ್ಮಾ ಮಬ್ಬ ಆಗ್ತಾವ, ತಗದು ಒರಸೂದರಾಗ ಅಂಗಿ ಸುಡ್ತೈತಿ." ಆ ದೊಡ್ಡ ಚಿತ್ರಗಳ ಬಗ್ಗೆ ಕೇಳಿದಾಗ ಅವರ ಮುಖ ಅರಳುತ್ತದೆ. "ಅವು ನಾಣಿ ಸಾರ್ ಮಾಡಿದ್ದರೀ. ವೆಂಕಟಗಿರಿಯವರ ಗಲ್ಲಾದಾಗ ಇದ್ದಾಗ ನನ್ನ ಕಣ್ಣಿನ ಪಾಡ ನೋಡಿ, ನನ್ ಸಲುವಾಗಿ ಮಾಡ್ಯಾರ. ದೇವರಂಥಾ ಹುಡುಗ."

ಕುಸುಮಾ ಬೆಳಿಗ್ಗೆ ಬಂದು ಹೋಗುತ್ತಿದ್ದರು, ಬಸಪ್ಪ ಸಂಜೆ ಬರುತ್ತಿದ್ದರು. ನಡುವೆ ಗಲ್ಲಾದಲ್ಲಿ ಕೂತಿದ್ದವನು ನಾಣಿ. "ಬಸಪ್ಪಣ್ಣ, ಇವತ್ತಿಂದ ಚಿತ್ರ ದೊಡ್ಡದಾಗಿದೆ ನೋಡಿ" ಎಂದು ತೋರಿಸಿದವನು ಅವನೇ. ತೋರಿಸಿದವನೇ ಮಾಡಿದವನು ಎಂದು ಬಸಪ್ಪ ತಿಳಿದದ್ದರಲ್ಲಿ ತಪ್ಪೇನಿದೆ? ವೆಂಕಟಗಿರಿ ಒಮ್ಮೆ ಹೇಳಲು ಹೊರಟಾಗ ಕುಸುಮಾ ತಡೆದರಂತೆ. "ನಾನೇ ಮಾಡಿದ್ದು ಅಂತ ನನ್ನ ಕಡೆಯವರು ಹೇಳೋದಲ್ಲ. ಅವನ ಬಾಯಲ್ಲಿ ಬರ್ಬೇಕು."

ವೆಂಕಟಗಿರಿಯವರದೂ ಒಂದು ಪಾಲಿನ ಉರಿ ಇದೆ. ಮೇಜಿನ ಫ್ಯಾನಿನ ಕತ್ತು ತಿರುಗಿಸುತ್ತಾ, "ಅವನ ಎ.ಸಿ. ಇವತ್ತಲ್ಲ ನಾಳೆ ಕೆಡುತ್ತೆ ಬಿಡಿ," ಎನ್ನುತ್ತಾರೆ. ಆದರೆ ಸರಿಯಾದ ಮೆನು ಇರುವುದು ತಮ್ಮಲ್ಲಿ ಮಾತ್ರ ಎಂಬ ಗರ್ವವೂ ಇದೆ. ಯಾರೂ ಪೆನ್‌ಡ್ರೈವ್ ಚುಚ್ಚಿ ಕದಿಯದ ಹಾಗೆ ಯಂತ್ರದ ಪೆಟ್ಟಿಗೆಗಳನ್ನೆಲ್ಲ ಕಬ್ಬಿಣದ ಜಾಲರಿಯೊಳಗಿಟ್ಟು ಬೀಗ ಜಡಿದಿದ್ದಾರೆ. ಮೂಲ ಪ್ರತಿಯ ಪೆನ್‌ಡ್ರೈವ್ ಕುಸುಮಾ ಅವರ ಚಿಲ್ಲರೆ ಪರ್ಸಿನಲ್ಲಿ, ಕುಂಕುಮದ ಪೊಟ್ಟಣದ ಜೊತೆಗಿರುತ್ತದೆ.

ನಾಣಿಯ ಅಂಗಡಿಯಲ್ಲಿ ಆಡಿ ಅಭ್ಯಾಸವಾದವರು ಒಮ್ಮೊಮ್ಮೆ ಇಲ್ಲಿಗೂ ಬರುತ್ತಾರೆ. ಇಲ್ಲಿ ಎಲ್ಲಿ ಒತ್ತಿದರೂ ಆಗುತ್ತದೆ. ಆದರೂ ಪರದೆಯ ಮೇಲೆ ಅವರ ಮೌಸಿನ ಬಾಣ ನೇರವಾಗಿ ಎಡ ಮೂಲೆಗೇ ಹೋಗುತ್ತದೆ. ಅದನ್ನು ನೋಡಿದರೆ ಆ ದಿನವೆಲ್ಲ ಕುಸುಮಾಗೆ ಪಂಚಿಂಗ್ ಮೇಲೆ ಮನಸ್ಸು ನಿಲ್ಲುವುದಿಲ್ಲವಂತೆ. ಏನು ಬೇಕು ನಿಮಗೆ ಎಂದು ಕೇಳಿದರೆ, ಬಹಳ ಹೊತ್ತು ಟೈರಿನ ಅಂಚು ತಿದ್ದಿ, "ಬಸಪ್ಪಣ್ಣ ಒಂದ್ಸಲ ಇಲ್ಲಿ ಬಂದು, ಡಬ್ಬದ ಹೊಟ್ಟೆಗೆ ಒತ್ತಿ ನೋಡ್ಲಿ. ಅಷ್ಟೇ," ಎನ್ನುತ್ತಾರೆ.

ಆ ಮಾತು ಮುಗಿಯುವ ಹೊತ್ತಿಗೆ ಶಟರಿನ ಕೆಳಗೆ ಎರಡು ಕಾಲು ಕಾಣಿಸಿಕೊಳ್ಳುತ್ತವೆ. ಹೊಸ ಬೂಟು. ಆಮೇಲೆ ಕೈಯಲ್ಲಿ ಹಿಡಿದ ಹೆಲ್ಮೆಟ್, ಅದರ ಹಿಂದೆ ಬಗ್ಗಿ ಬರುವ ತಲೆ. ಕುಸುಮಾ ತಿರುಗಿ ನೋಡದೆಯೇ ಪರ್ಸನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಚೆನ್ನಾಗಿದೀರಾ ಅಕ್ಕ?" ಎನ್ನುತ್ತಾನೆ ನಾಣಿ.

"ಎ.ಸಿ. ಬಿಟ್ಟು ಬಂದ್ಯಲ್ಲಪ್ಪ, ಸೆಕೆ ಆಗಲ್ವಾ?" ಇದು ವೆಂಕಟಗಿರಿ.

ನಾಣಿ ನಕ್ಕಂತೆ ಮಾಡಿ, ಸ್ಟೂಲು ಎಳೆದು ಕೂತು, ವಿಷಯಕ್ಕೆ ಬರುತ್ತಾನೆ. ಈ ಭಾನುವಾರ ಅವನ ಅಂಗಡಿಯಲ್ಲಿ ಲಾರಿ ಆಟದ ಪಂದ್ಯ ಇಟ್ಟಿದ್ದಾನೆ. ಕೆಂಗೇರಿಯಿಂದ, ರಾಜರಾಜೇಶ್ವರಿನಗರದಿಂದ ಆಡುವವರು ಬರುತ್ತಾರೆ. ಅವರಿಗೆ ಮೂಲೆಯಲ್ಲಿ ಒತ್ತುವ ಅಭ್ಯಾಸವಿಲ್ಲ. ನಿನ್ನೆ ಇಬ್ಬರು ಬಂದು ಆಡಿ ನೋಡಿ, ಮೆನುವೇ ಕೆಟ್ಟಿದೆ ಎಂದು ನಕ್ಕು ಹೋದರು.

"ನಾನೇ ಸರಿ ಮಾಡೋಣ ಅಂತ ಕೂತೆ ಅಕ್ಕ. ಟೈರೆಲ್ಲ ಪರದೆಯಿಂದ ಆಚೆ ಹೋಯ್ತು. ಬಾಗಿಲು ಬಂದು ಡಬ್ಬದ ಮೇಲೆ ಕೂತ್ಕೊಳ್ತು. ಆ ಸರಿ ಇರೋ ಕಾಪಿ ಕೊಡ್ತೀನಿ ಅಂದಿದ್ರಲ್ಲ ಆವತ್ತು..."

"ಮುಂದಿನ ವಾರ ಬಾ ಅಂದಿದ್ದೆ. ಬಂದ್ಯಾ?"

"ಕೆಲ್ಸ ಅಕ್ಕ."

"ಟೀವೀಲಿ ಏನಂದೆ?"

ನಾಣಿ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತಾನೆ. "ಕ್ಯಾಮೆರಾ ಇಟ್ಬಿಟ್ರು, ಗಾಬರಿ ಆಗ್ಬಿಟ್ಟೆ. ಬಾಯಿಗೆ ಬಂದಿದ್ದು ಅಂದೆ. ಈಗ ಸರಿ ಮಾಡ್ತೀನಿ ಅಕ್ಕ. ಪಂದ್ಯದ ಬ್ಯಾನರ್ ಮಾಡಿಸ್ತಾ ಇದೀನಿ. ಅದರಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ."

ಕುಸುಮಾ ಅವರ ಕೈ ಮೌಸಿನ ಮೇಲೆ ನಿಲ್ಲುತ್ತದೆ. ಊದುಬತ್ತಿಯ ಹೊಗೆ ಫ್ಯಾನಿನ ಗಾಳಿಗೆ ಮುರಿದು ಪರದೆಯ ಮೇಲೆ ಹಾಯುತ್ತದೆ. ಅವರು ಮೊದಲ ಸಲ ನಾಣಿಯ ಕಡೆ ತಿರುಗುತ್ತಾರೆ.

"ಎಷ್ಟು ದೊಡ್ಡದಾಗಿ?"

"ಅಂದ್ರೆ?"

"ನನ್ನ ಹೆಸರು ಕಣೋ. ಎಷ್ಟು ದೊಡ್ಡದಾಗಿ?"

"ಮೇಲ್ಗಡೆ ಅಂಗಡಿ ಹೆಸರು ಬರುತ್ತೆ, ಆಮೇಲೆ ನನ್ನ ಫೋಟೋ, ಬಹುಮಾನ..." ನಾಣಿ ಗಾಳಿಯಲ್ಲಿ ಬ್ಯಾನರಿನ ಅಳತೆ ತೋರಿಸುತ್ತಾ ಬರುತ್ತಾನೆ. ಕೈ ಕೆಳಗಿಳಿದು, ಎರಡು ಬೆರಳಾಗಿ, ಬಲಗಡೆಯ ಮೂಲೆಯಲ್ಲಿ ನಿಲ್ಲುತ್ತದೆ. "ಇಲ್ಲಿ. ಸಹಕಾರ ಅಂತ ಹಾಕಿ, ಕೆಳಗೆ ಚಿಕ್ಕದಾಗಿ. ಜಾಗ ಅಷ್ಟೇ ಇರೋದು ಅಕ್ಕ."

ವೆಂಕಟಗಿರಿ ಕೆಮ್ಮುತ್ತಾರೆ. ಕುಸುಮಾ ಆ ಎರಡು ಬೆರಳಿನ ನಡುವಿನ ಜಾಗವನ್ನು, ಬಸ್ ಸ್ಟಾಪಿನಲ್ಲಿ ಮಕ್ಕಳ ಜೇಬಿನ ದಾರ ನೋಡುವ ಹಾಗೆ, ನೋಡುತ್ತಾರೆ. ಪರ್ಸಿನ ಜಿಪ್ಪು ಎಳೆಯುತ್ತಾರೆ. ನಾಣಿಯ ಮುಖದಲ್ಲಿ ಆಸೆ ಮೂಡುತ್ತದೆ. ಅವರು ಎಳೆದದ್ದು ತೆರೆಯುವುದಕ್ಕಲ್ಲ, ಅರ್ಧ ತೆರೆದಿದ್ದ ಜಿಪ್ಪನ್ನು ಪೂರ್ತಿ ಮುಚ್ಚುವುದಕ್ಕೆ.

"ನನಗೆ ಕೊಡೋದು ಬೇಡ ಅಂದ್ಕೊಳ್ಳಿ," ಎಂದು ನಾಣಿ ಕೊನೆಯ ಮಾತು ತೆಗೆಯುತ್ತಾನೆ. "ಬಸಪ್ಪಣ್ಣನೂ ಆಡ್ತಾ ಇದಾರೆ ಪಂದ್ಯದಲ್ಲಿ. ಅವರ ಕಣ್ಣು ನೋಡಿದೀರಲ್ಲ. ಅವರಿಗೋಸ್ಕರ ಆದ್ರೂ ಕೊಡಿ ಅಕ್ಕ."

"ಬಸಪ್ಪಣ್ಣಂಗೆ ಮುಚ್ಚಳ ಎಲ್ಲಿದೆ ಅಂತ ಗೊತ್ತು. ಕೆಂಗೇರಿಯವರಿಗೆ ಗೊತ್ತಿಲ್ಲ. ಬಸಪ್ಪಣ್ಣನೇ ಗೆಲ್ತಾರೆ ಬಿಡು," ಎಂದು ಕುಸುಮಾ ಟೈರಿನ ಕಡೆಗೆ ತಿರುಗುತ್ತಾರೆ. "ಕೊಡಲ್ಲ ನಾಣಿ."